ತೀರ್ಪಿನ ಪೀಠದಲ್ಲಿ ಕರುಣೆ

ದೇವರು ದಯಾಮಯನಾದರೆ ನರಕವೇಕೆ? ನ್ಯಾಯವಂತನಾದರೆ ಪಾಪಿಗೆ ಕ್ಷಮೆ ಹೇಗೆ? ಕ್ರೈಸ್ತ ಲೋಕ ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಯ ಬೆನ್ನುಬಿಟ್ಟಿಲ್ಲ. ಸಂತರು, ಪಂಡಿತರು, ಚಿತ್ರಕಾರರು ಇದಕ್ಕೆ ಉತ್ತರ ಹುಡುಕಿದ್ದಾರೆ. ಕೊಲೆ ಮಾಡಿ ತಲೆತಪ್ಪಿಸಿಕೊಂಡಿದ್ದ ಒಬ್ಬ ಕಲಾವಿದನೂ ಹುಡುಕಿದ್ದಾನೆ.

2025ರ ಮೇ 7ರ ಸಂಜೆ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿ 133 ಕಾರ್ಡಿನಲ್‌ಗಳು ಸೇರಿದರು. ಹಿಂದೆಯೇ ಬಾಗಿಲು ಮುಚ್ಚಿತು. ಪೋಪ್ ಫ್ರಾನ್ಸಿಸ್ ತೀರಿಕೊಂಡು ಎರಡು ವಾರ ದಾಟಿತ್ತು. ಹೊಸ ಪೋಪ್ ಆಯ್ಕೆಗೆ ಮತ ಹಾಕುವ ಕ್ರಮವೇ ಬೇರೆ. ಪ್ರತಿಯೊಬ್ಬ ಕಾರ್ಡಿನಲ್ ಮಡಿಚಿದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬಲಿಪೀಠದವರೆಗೆ ನಡೆಯುತ್ತಾನೆ. ಮುಂದೊಂದು ದಿನ ತನಗೆ ತೀರ್ಪು ಕೊಡಲಿರುವ ಕ್ರಿಸ್ತನನ್ನೇ ಸಾಕ್ಷಿಗೆ ಕರೆದು ಪ್ರಮಾಣ ಮಾಡಿ ಚೀಟಿ ಹಾಕುತ್ತಾನೆ. ಆಗ ಅವನ ಕಣ್ಣೆದುರಿಗಿರುವುದು ಗೋಡೆ ತುಂಬಿದ ಮೈಕೆಲಾಂಜೆಲೋನ ‘ಅಂತಿಮ ತೀರ್ಪು’. ಮರುದಿನ ನಾಲ್ಕನೆಯ ಸುತ್ತಿನ ಮತದಾನದಲ್ಲಿ ಹದಿನಾಲ್ಕನೆಯ ಲಿಯೋ ಆಯ್ಕೆಯಾದದ್ದು ಆ ಗೋಡೆಯ ಮುಂದೆಯೇ.

1536ರಲ್ಲಿ ಶುರುವಾದ ಆ ಚಿತ್ರ 1541ರ ಅಕ್ಟೋಬರ್ 31ರಂದು ಜನರ ಕಣ್ಣಿಗೆ ಬಿತ್ತು. ಮುನ್ನೂರಕ್ಕೂ ಹೆಚ್ಚು ಆಕೃತಿಗಳು. ನಡುವೆ ಗಡ್ಡವಿಲ್ಲದ, ಕಟ್ಟುಮಸ್ತಾದ ಕ್ರಿಸ್ತ ಬಲಗೈ ಎತ್ತಿದ್ದಾನೆ. ಹಳೆಯ ಚಿತ್ರಗಳಲ್ಲಿ ಪಾಪಿಗಳ ಪರವಾಗಿ ಅಂಗಲಾಚುತ್ತಿದ್ದ ತಾಯಿ ಮರಿಯ ಇಲ್ಲಿ ಮುಖ ತಿರುಗಿಸಿ ಕುಳಿತಿದ್ದಾಳೆ. ದೇವದೂತರ ಕೈಯಲ್ಲಿ ಎರಡು ಪುಸ್ತಕಗಳಿವೆ: ಉಳಿದವರ ಹೆಸರಿನದು ಚಿಕ್ಕದು, ಅಳಿದವರ ಹೆಸರಿನದು ದೊಡ್ಡದು. ಕೆಳಗೆ ನರಕದ ಅಂಬಿಗ ಹುಟ್ಟು ಬೀಸಿ ಜನರನ್ನು ದೋಣಿಯಿಂದ ಹೊರದಬ್ಬುತ್ತಿದ್ದಾನೆ. ಚಿತ್ರದ ತುಂಬಾ ಬೆತ್ತಲೆ ದೇಹಗಳೆಂದು ಆಕ್ಷೇಪಿಸಿದ ಪೋಪ್ ಆಸ್ಥಾನದ ಅಧಿಕಾರಿ ಬಿಯಾಜಿಯೋ ದ ಚೆಸೇನನಿಗೂ ಕಲಾವಿದ ಜಾಗ ಕೊಟ್ಟ: ನರಕದ ನ್ಯಾಯಾಧೀಶನ ಮೋರೆ ಅವನದು, ಕಿವಿ ಮಾತ್ರ ಕತ್ತೆಯದು.

ಇಷ್ಟನ್ನೇ ನೋಡಿದವರಿಗೆ ಕ್ರೈಸ್ತರ ದೇವರು ಬೆತ್ತ ಹಿಡಿದ ದೇವರು. ಆದರೆ ಕತ್ತು ಇನ್ನೊಂದಿಷ್ಟು ಮೇಲೆತ್ತಿದರೆ, ಕ್ರಿಸ್ತನ ನೆತ್ತಿಯ ನೇರಕ್ಕೆ, ಗೋಡೆ ಮುಗಿದು ಛಾವಣಿ ಶುರುವಾಗುವಲ್ಲಿ ಒಬ್ಬ ಪ್ರವಾದಿ ಕುಳಿತಿದ್ದಾನೆ. ಪಕ್ಕದಲ್ಲಿ ಮೀನು, ಹಿಂದೆ ಒಂದು ಬಳ್ಳಿ. ಅವನು ಯೋನ, ದೇವರ ಕರುಣೆಯ ಮೇಲೆಯೇ ಸಿಟ್ಟಾದವನು. ಛಾವಣಿಯ ಈ ಯೋನನನ್ನು ಮೈಕೆಲಾಂಜೆಲೋ 1512ರ ಹೊತ್ತಿಗೇ ಬರೆದಿದ್ದ. ಕಾಲು ಶತಮಾನದ ನಂತರ ಅದೇ ಕಲಾವಿದನ ತೀರ್ಪಿನ ಚಿತ್ರ ಅವನ ಕಾಲಡಿಗೆ ಬಂತು. ಕ್ರೈಸ್ತ ನಂಬಿಕೆಯ ಈ ಒಳಜಗಳವನ್ನು ಅರಿಯಲು ಯೋನನಿಂದಲೇ ಆರಂಭಿಸುವುದು ಒಳ್ಳೆಯದು.

ಯೋನನ ಮುನಿಸು

ಯೋನನ ಗ್ರಂಥ ನಾಲ್ಕೇ ಅಧ್ಯಾಯಗಳ ಪುಟ್ಟ ಕಥೆ. ಮೀನಿನ ಹೊಟ್ಟೆಯ ಪ್ರಸಂಗ ಎಲ್ಲರಿಗೂ ಗೊತ್ತು. ನಿಜವಾದ ಕಥೆ ಇರುವುದು ಅದರಾಚೆ. ನಿನೆವೆ ಅಸ್ಸೀರಿಯರ ಮಹಾನಗರ. ಇಸ್ರೇಲಿನ ರಾಜ್ಯವನ್ನು ನೆಲಸಮ ಮಾಡಿದವರು ಅಸ್ಸೀರಿಯರು. ಅಂಥವರ ಊರಿಗೆ ಹೋಗಿ, ನಲವತ್ತು ದಿನಗಳಲ್ಲಿ ನೀವು ನಾಶವಾಗುತ್ತೀರಿ ಎಂದು ಸಾರು ಎಂಬುದು ದೇವರ ಆಜ್ಞೆ. ಯೋನ ತದ್ವಿರುದ್ಧ ದಿಕ್ಕಿನ ಹಡಗು ಹತ್ತಿದ. ಕೊನೆಗೆ ಬೇರೆ ದಾರಿ ಕಾಣದೆ ನಿನೆವೆಗೆ ಹೋಗಿ ಸಾರಿದ. ಅರಸನಿಂದ ಹಿಡಿದು ಆಳಿನವರೆಗೆ ಎಲ್ಲರೂ ಗೋಣಿತಟ್ಟು ಉಟ್ಟು ಉಪವಾಸ ಕುಳಿತರು. ದನಕರುಗಳಿಗೂ ಮೇವು ನೀರು ಕೊಡಲಿಲ್ಲ. ದೇವರು ಮನಸ್ಸು ಬದಲಿಸಿದ. ಊರು ಉಳಿಯಿತು.

ಯೋನನಿಗೆ ಕೆಂಡದಂಥ ಸಿಟ್ಟು. ನೀನು ಕರುಣಾಳು, ಬೇಗ ಕೋಪಿಸಿಕೊಳ್ಳುವವನಲ್ಲ, ಕೊನೆಗೆ ಹೀಗೆಯೇ ಮಾಡುತ್ತೀಯೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದೆ ಎಂದು ಜಗಳಕ್ಕೆ ನಿಂತ. ಊರಾಚೆ ಬಿಸಿಲಲ್ಲಿ ಕುಳಿತವನಿಗೆ ದೇವರು ಒಂದು ಬಳ್ಳಿಯ ನೆರಳು ಕೊಟ್ಟು, ಮರುದಿನ ಹುಳುವೊಂದರಿಂದ ಅದನ್ನು ಒಣಗಿಸಿದ. ಬಳ್ಳಿ ಹೋಯಿತೆಂದು ಯೋನ ಗೋಳಾಡಿದಾಗ ದೇವರು ಕೇಳುತ್ತಾನೆ: ನೀನು ನೆಡದ, ನೀರೆರೆಯದ ಬಳ್ಳಿಗಾಗಿ ಇಷ್ಟು ಮರುಗುವವನು, ಎಡಬಲ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರ ಜನ, ಅಷ್ಟೊಂದು ಪಶುಗಳು ಇರುವ ಊರಿಗಾಗಿ ನಾನು ಮರುಗಬಾರದೇ? ಗ್ರಂಥ ಅಲ್ಲಿಗೇ ಮುಗಿಯುತ್ತದೆ. ಯೋನ ಏನೆಂದನೋ ಯಾರೂ ಬರೆದಿಡಲಿಲ್ಲ.

ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ಮಹಾದಿನವಾದ ಯೋಮ್ ಕಿಪ್ಪುರ್‌ನ ಅಪರಾಹ್ನ ಈ ಕಥೆಯನ್ನು ಓದುತ್ತಾರೆ. ಸಿರಿಯನ್ ಪರಂಪರೆಯ ಕ್ರೈಸ್ತರು ಈಸ್ಟರ್ ಪೂರ್ವದ ತಪಸ್ಸುಕಾಲಕ್ಕೆ ಸುಮಾರು ಮೂರು ವಾರ ಮೊದಲು ‘ನಿನೆವೆಯ ಉಪವಾಸ’ ಹಿಡಿಯುತ್ತಾರೆ. ಕೇರಳದಲ್ಲಿ ಇದಕ್ಕೆ ‘ಮೂನ್ನು ನೋಂಬು’, ಅಂದರೆ ಮೂರು ದಿನದ ವ್ರತ, ಎನ್ನುತ್ತಾರೆ. ಕೋಟ್ಟಯಂ ಜಿಲ್ಲೆಯ ಕುರವಿಲಂಗಾಡಿನ ಮರಿಯಮ್ಮನವರ ಚರ್ಚಿನಲ್ಲಿ ಆಗ ಮರದ ಹಡಗನ್ನು ಹೆಗಲ ಮೇಲೆ ಹೊತ್ತು, ಬಿರುಗಾಳಿಗೆ ಸಿಕ್ಕಿದಂತೆ ತೂಗಾಡಿಸುತ್ತಾ ಮೆರವಣಿಗೆ ಮಾಡುತ್ತಾರೆ. ಇದೇ ಪರಂಪರೆಯ ಸಿರೋ ಮಲಬಾರ್ ಕುಟುಂಬಗಳು ನಮ್ಮ ಕರಾವಳಿಯಲ್ಲೂ ಕೊಡಗಿನಲ್ಲೂ ನೆಲೆಸಿವೆ. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಇನ್ನು ನಿನೆವೆಯ ಅವಶೇಷಗಳಿರುವುದು ಇರಾಕಿನ ಮೋಸುಲ್ ನಗರದಲ್ಲಿ. ಯೋನನದೆಂದು ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದ ಅಲ್ಲಿನ ಸಮಾಧಿಯನ್ನು 2014ರ ಜುಲೈನಲ್ಲಿ ಐಸಿಸ್ ಉಗ್ರರು ಸ್ಫೋಟಿಸಿದರು. ಶತ್ರುವಿಗೂ ಕ್ಷಮೆ ಉಂಟು ಎಂದ ಕಥೆಯ ಗುರುತನ್ನೇ ಅಳಿಸಿದರು.

ಇಬ್ಬರು ದೇವರಿಲ್ಲ

ಹಳೆಯ ಒಡಂಬಡಿಕೆಯ ದೇವರು ಕಠೋರ, ಯೇಸುವಿನ ದೇವರು ಮೃದು ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಎರಡನೆಯ ಶತಮಾನದಲ್ಲೇ ಇದನ್ನು ಸಿದ್ಧಾಂತ ಮಾಡಿದವನು ಮಾರ್ಸಿಯನ್. ಕಪ್ಪು ಸಮುದ್ರದ ತೀರದ ಸಿನೋಪೆಯ ಈ ಹಡಗಿನ ಸಾಹುಕಾರ ರೋಮಿಗೆ ಬಂದು, ಜಗತ್ತನ್ನು ಸೃಷ್ಟಿಸಿದ ನ್ಯಾಯದ ದೇವರು ಬೇರೆ, ಯೇಸು ತೋರಿಸಿದ ಪ್ರೀತಿಯ ದೇವರು ಬೇರೆ ಎಂದ. ಹಳೆಯ ಗ್ರಂಥಗಳನ್ನೆಲ್ಲ ಬದಿಗೆ ಸರಿಸಿದ. ಸುಮಾರು 144ರಲ್ಲಿ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನು ಕೊಟ್ಟಿದ್ದ ಎರಡು ಲಕ್ಷ ನಾಣ್ಯಗಳ ದೇಣಿಗೆಯನ್ನೂ ಹಿಂತಿರುಗಿಸಿತು. ದಯೆಯೂ ತೀರ್ಪೂ ಒಬ್ಬನೇ ದೇವರವು ಎಂಬ ಕಷ್ಟದ ದಾರಿಯನ್ನು ಕ್ರೈಸ್ತ ಧರ್ಮ ಅಂದೇ ಆರಿಸಿಕೊಂಡಿತು.

ಈ ಹಟಕ್ಕೆ ಕಾರಣವಿದೆ. ತೀರ್ಪು ಎಂದರೆ ನಡುಗುವವರು ಸಾಮಾನ್ಯವಾಗಿ ಬಲವುಳ್ಳವರು. ತುಳಿತಕ್ಕೆ ಸಿಕ್ಕವರಿಗೆ ಅದು ಶುಭವಾರ್ತೆ. ಬಡವರನ್ನು ಜೋಡಿ ಚಪ್ಪಲಿಯ ಬೆಲೆಗೆ ಮಾರಿಕೊಳ್ಳುವವರ ಮೇಲೆ ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಹರಿಹಾಯ್ದ ಪ್ರವಾದಿ ಆಮೋಸ ತೆಕೋವದ ಕುರಿಗಾಹಿ. ದೇವರು ನ್ಯಾಯ ತೀರಿಸಲು ಬರುತ್ತಾನೆಂದು ಹೊಲಗದ್ದೆಗಳು, ಕಾಡಿನ ಮರಗಳು ಸಂಭ್ರಮಪಡುವ ಚಿತ್ರ ಕೀರ್ತನೆಗಳಲ್ಲಿ ಬರುತ್ತದೆ. ಕೋರ್ಟಿನಲ್ಲಿ ದುಡ್ಡಿದ್ದವರೇ ಗೆಲ್ಲುವುದನ್ನು ಕಂಡವರಿಗೆ ಮಾತ್ರ ಅರ್ಥವಾಗುವ ಸಂಭ್ರಮ ಇದು. ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ, ನಿಮ್ಮದೇ ಜನರನ್ನು ಕೊಲ್ಲಬೇಡಿ, ಕೊಲ್ಲು ಎನ್ನುವ ಆಜ್ಞೆಗಿಂತ ದೇವರ ಆಜ್ಞೆ ದೊಡ್ಡದು ಎಂದು ಸೈನಿಕರಿಗೆ ಕರೆಕೊಟ್ಟ ಮರುದಿನವೇ, 1980ರ ಮಾರ್ಚ್ 24ರಂದು, ಪೂಜೆ ಅರ್ಪಿಸುತ್ತಿದ್ದಾಗ ಗುಂಡಿಗೆ ಬಲಿಯಾದರು. ತೀರ್ಪೇ ಇಲ್ಲದ ದೇವರು ಅವರ ಜನರಿಗೆ ಬೇಕಿರಲಿಲ್ಲ.

ಮೊದಲೇ ಬಯಲಾದ ಪ್ರಶ್ನೆ

ಹಾಗಾದರೆ ಆ ದಿನ ಕೇಳುವುದೇನು? ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯೇಸು ಅದನ್ನು ಬಿಡಿಸಿ ಹೇಳುತ್ತಾನೆ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ಹಾಗೆ ರಾಜ ಜನರನ್ನು ಎರಡು ಕಡೆ ನಿಲ್ಲಿಸುತ್ತಾನೆ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನಿಗೆ ಭೇಟಿ: ಇವುಗಳಲ್ಲಿ ನೀನು ಮಾಡಿದ್ದೇನು, ಬಿಟ್ಟದ್ದೇನು? ಇಷ್ಟೇ ವಿಚಾರಣೆ. ಯಾವ ಮಂತ್ರ ಬರುತ್ತದೆ, ಯಾವ ಮತದವನು ಎಂದು ಆ ದೃಶ್ಯದಲ್ಲಿ ಯಾರೂ ಕೇಳುವುದಿಲ್ಲ. ಪ್ರಶ್ನೆಪತ್ರಿಕೆ ಪರೀಕ್ಷೆಗೆ ಎಷ್ಟೋ ಮೊದಲು, ಅದೂ ಪರೀಕ್ಷಕನಿಂದಲೇ, ಬಯಲಾದಂತೆ ಇದು. ಆದರೂ ಎರಡೂ ಕಡೆಯವರು ಬೆರಗಾಗುತ್ತಾರೆ. ಹಸಿದ ನಿನ್ನನ್ನು ನಾವು ಕಂಡದ್ದು ಯಾವಾಗ ಎಂದು ಪುಣ್ಯವಂತರೂ ಕೇಳುತ್ತಾರೆ, ಪಾಪಿಗಳೂ ಕೇಳುತ್ತಾರೆ.

ಕರುಣೆಯೂ ತೀರ್ಪೂ ಎದುರುಬದುರಾದ ಎರಡು ತಟ್ಟೆಗಳೆಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ತೀರ್ಪಿನ ಅಳತೆಗೋಲೇ ಕರುಣೆ. ಅದೇ ಮತ್ತಾಯನ ಹದಿನೆಂಟನೆಯ ಅಧ್ಯಾಯದ ಕಥೆ ಇದನ್ನು ಇನ್ನಷ್ಟು ಖಾರವಾಗಿ ಹೇಳುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದ ಸೇವಕನೊಬ್ಬ ಕಾಲಿಗೆ ಬೀಳುತ್ತಾನೆ. ಅರಸ ಪೂರ್ತಿ ಸಾಲ ಮನ್ನಾ ಮಾಡುತ್ತಾನೆ. ಒಂದು ತಲಾಂತು ಸುಮಾರು ಆರು ಸಾವಿರ ದಿನಗೂಲಿಗೆ ಸಮ. ಅಂದರೆ ಮನ್ನಾ ಆದದ್ದು ಆರು ಕೋಟಿ ದಿನಗಳ ಕೂಲಿ, ಒಬ್ಬ ಕೂಲಿಯಾಳು ಒಂದೂವರೆ ಲಕ್ಷ ವರ್ಷ ದುಡಿದರೂ ತೀರದ ಸಾಲ. ಹೊರಬಂದ ಅದೇ ಮನುಷ್ಯ ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾದವನ ಕುತ್ತಿಗೆ ಹಿಡಿದು ಜೈಲಿಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸ ಮನ್ನಾ ರದ್ದು ಮಾಡುತ್ತಾನೆ. ಆರು ಕೋಟಿ ದಿನದ ಸಾಲ ಮುಳುಗಿಸಿದ್ದಕ್ಕೆ ಅವನಿಗೆ ಕ್ಷಮೆ ಸಿಕ್ಕಿತ್ತು. ಕ್ಷಮೆಯನ್ನು ಮುಂದಕ್ಕೆ ದಾಟಿಸದ್ದಕ್ಕೆ ಶಿಕ್ಷೆಯಾಯಿತು.

ಮತ್ತಾಯ ಹೇಳಿದ ಆರಕ್ಕೆ ಸತ್ತವರನ್ನು ಹೂಳುವುದನ್ನೂ ಸೇರಿಸಿ ಮಧ್ಯಯುಗದ ಧರ್ಮಸಭೆ ‘ಕರುಣೆಯ ಏಳು ಕಾರ್ಯಗಳು’ ಎಂದು ಕರೆಯಿತು. ಇವನ್ನು ಮಾಡಲೆಂದೇ ‘ಮಿಸೆರಿಕೋರ್ದಿಯ’ ಎಂಬ ಸೇವಾಸಂಘಗಳು ಹುಟ್ಟಿದವು. 1244ರಲ್ಲಿ ಆರಂಭವಾಯಿತೆನ್ನುವ ಫ್ಲಾರೆನ್ಸಿನ ಸಂಘ ಇಂದಿಗೂ ಆಂಬುಲೆನ್ಸ್ ಓಡಿಸುತ್ತಿದೆ. 1498ರಲ್ಲಿ ಲಿಸ್ಬನ್ನಿನಲ್ಲಿ ಸ್ಥಾಪನೆಯಾದ ಇಂಥದೇ ಸಂಸ್ಥೆಯ ಮಾದರಿ ಪೋರ್ಚುಗೀಸರ ಜೊತೆ ಗೋವೆಗೂ ಬಂತು.

ನೇಪಲ್ಸ್ ನಗರದಲ್ಲಿ 1602ರಲ್ಲಿ ಏಳು ಮಂದಿ ಸಿರಿವಂತ ಯುವಕರು ಕಟ್ಟಿದ ‘ಪಿಯೋ ಮೊಂತೆ ದೆಲ್ಲ ಮಿಸೆರಿಕೋರ್ದಿಯ’ ತನ್ನ ಚರ್ಚಿಗೆ ಒಂದು ಚಿತ್ರ ಬೇಕೆಂದಿತು. ಅದನ್ನು ಬರೆದುಕೊಟ್ಟವನು ಕರವಾಜ್ಜೋ. 1606ರ ಮೇ ತಿಂಗಳಲ್ಲಿ ರೋಮಿನ ಬೀದಿಜಗಳದಲ್ಲಿ ಒಬ್ಬನನ್ನು ಕೊಂದು, ತಲೆಯ ಮೇಲೆ ಮರಣದಂಡನೆ ಹೊತ್ತುಕೊಂಡು ನೇಪಲ್ಸಿಗೆ ಓಡಿಬಂದಿದ್ದವನು. ಅವನ ‘ಕರುಣೆಯ ಏಳು ಕಾರ್ಯಗಳು’ ಚಿತ್ರದಲ್ಲಿ ನರಕವೂ ಇಲ್ಲ, ತಕ್ಕಡಿಯೂ ಇಲ್ಲ. ಕತ್ತಲಾದ ಗಲ್ಲಿಯೊಂದರಲ್ಲಿ ಹೆಣದ ಕಾಲುಗಳು ಕಾಣುತ್ತವೆ, ಒಬ್ಬ ತನ್ನ ನಿಲುವಂಗಿಯನ್ನು ಕತ್ತರಿಸಿ ಭಿಕ್ಷುಕನಿಗೆ ಕೊಡುತ್ತಿದ್ದಾನೆ, ಮಗಳೊಬ್ಬಳು ಜೈಲಿನ ಸರಳುಗಳ ಆಚೆಯಿರುವ ಮುದಿ ತಂದೆಗೆ ಮೊಲೆಯೂಡುತ್ತಿದ್ದಾಳೆ. ನ್ಯಾಯದಿಂದ ತಲೆತಪ್ಪಿಸಿಕೊಂಡಿದ್ದ ಕೊಲೆಗಾರ ಬರೆದ ಈ ಚಿತ್ರ ಇಂದಿಗೂ ಆ ಸಂಸ್ಥೆಯ ಚರ್ಚಿನ ಬಲಿಪೀಠದ ಮೇಲಿದೆ.

ನರಕ ಖಾಲಿಯಾದೀತೆ?

ಅಳತೆಗೋಲು ಗೊತ್ತಾಯಿತು. ಆದರೆ ಅಳತೆಗೆ ಸಿಗದವರ ಗತಿ? ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಒರಿಜೆನ್ ದೊಡ್ಡ ಆಸೆಯೊಂದನ್ನು ಮುಂದಿಟ್ಟ: ದೇವರ ಶಿಕ್ಷೆ ವೈದ್ಯನ ಕತ್ತಿಯಂಥದು, ಗುಣಪಡಿಸಲಿಕ್ಕಾಗಿಯೇ ಇರುವುದು, ಕೊನೆಗೆ ಎಲ್ಲ ಜೀವಗಳೂ ದೇವರ ಬಳಿಗೆ ಮರಳುತ್ತವೆ. ಇದೇ ನಿರೀಕ್ಷೆಯನ್ನು ಇಟ್ಟುಕೊಂಡಿದ್ದ ನಿಸ್ಸದ ಗ್ರೆಗೊರಿ ಸಂತನೆನಿಸಿದ. ಒರಿಜೆನನ ಬೋಧನೆ ಮಾತ್ರ 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ ಖಂಡನೆಗೆ ಗುರಿಯಾಯಿತು. ಪಶ್ಚಿಮದಲ್ಲಿ ಅಗಸ್ಟೀನ್ ತನ್ನ ‘ದೇವರ ನಗರ’ ಗ್ರಂಥದಲ್ಲಿ ಇಂಥ ಮೃದುಮನಸ್ಸಿನವರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ತಳ್ಳಿಹಾಕಿದ. ಮುಂದಿನ ಸಾವಿರ ವರ್ಷದ ಯೂರೋಪು ನರಕವನ್ನು ಕಂಡದ್ದು ಹೆಚ್ಚಾಗಿ ಅಗಸ್ಟೀನನ ಕಣ್ಣಿನಿಂದಲೇ.

ಪೂರ್ವದಲ್ಲಿ ಬೇರೆ ದನಿಯೊಂದಿತ್ತು. ಏಳನೆಯ ಶತಮಾನದಲ್ಲಿ ಇಂದಿನ ಕತಾರಿನ ಕಡೆ ಹುಟ್ಟಿದ ಐಸಾಕ್ ಎಂಬ ಸನ್ಯಾಸಿಯನ್ನು ಅದೇ ನಿನೆವೆಗೆ ಬಿಷಪ್ ಮಾಡಿದರು. ಸಾಲ ಕೊಟ್ಟವನೊಬ್ಬ, ಪಡೆದವನೊಬ್ಬ ಆತನ ಬಳಿ ನ್ಯಾಯಕ್ಕೆ ಬಂದರಂತೆ. ಶುಭಸಂದೇಶ ಹೀಗೆ ಹೇಳುತ್ತದಲ್ಲ ಎಂದು ಐಸಾಕ್ ನೆನಪಿಸಿದಾಗ, ಅದನ್ನು ಸದ್ಯ ಪಕ್ಕಕ್ಕಿಡಿ ಎಂದನಂತೆ ಸಾಲ ಕೊಟ್ಟವನು. ಹಾಗಾದರೆ ನನಗಿಲ್ಲಿ ಕೆಲಸವಿಲ್ಲ ಎಂದು ಐಸಾಕ್ ಎದ್ದುಹೋದನೆಂಬುದು ಕಥೆ. ಬಿಷಪ್ ಆದ ಐದೇ ತಿಂಗಳಿಗೆ ಪದವಿ ಬಿಟ್ಟು ಮಲೆಗೆ ಹೋದದ್ದಂತೂ ನಿಜ. ನರಕದಲ್ಲಿರುವವರನ್ನು ಸುಡುವುದು ದೇವರ ದ್ವೇಷವಲ್ಲ, ತಾವು ಕೈಯಾರೆ ಕಳೆದುಕೊಂಡ ಪ್ರೀತಿಯ ಅರಿವೇ ಅವರನ್ನು ಸುಡುತ್ತದೆ ಎಂದು ಆತ ಬರೆದ. ರೋಮಿನಿಂದ ಬೇರೆಯಾಗಿದ್ದ ಪೂರ್ವ ಸಿರಿಯಾಕ್ ಸಭೆಯ ಈ ಸನ್ಯಾಸಿಯ ಹೆಸರನ್ನು ಪೋಪ್ ಫ್ರಾನ್ಸಿಸ್ 2024ರ ನವೆಂಬರಿನಲ್ಲಿ ರೋಮನ್ ಸಂತರ ಪಟ್ಟಿಗೆ ಸೇರಿಸಿದರು.

ಸ್ವರ್ಗಕ್ಕೂ ನರಕಕ್ಕೂ ನಡುವೆ ಕ್ಯಾಥೋಲಿಕರು ಶುದ್ಧೀಕರಣದ ಸ್ಥಿತಿಯೊಂದನ್ನು ನಂಬಿದರು. 1274ರ ಲಿಯೋನ್ ಮಹಾಸಭೆಯಲ್ಲಿ ಅದಕ್ಕೆ ಅಧಿಕೃತ ರೂಪ ಬಂತು. ತಪ್ಪಿಗೆ ಬೆಲೆ ತೆರಬೇಕು, ಆದರೆ ಬಾಗಿಲು ಮುಚ್ಚಿಲ್ಲ ಎಂಬ ಸಮಾಧಾನ ಅದರಲ್ಲಿತ್ತು. ಆ ಸಮಾಧಾನವೇ ಮುಂದೆ ಮಾರಾಟದ ಸರಕಾಯಿತು. ರೋಮಿನ ಸಂತ ಪೇತ್ರರ ಬಸಿಲಿಕ ಕಟ್ಟಲು ಹಣ ಬೇಕಾದಾಗ, ಸತ್ತವರ ಶಿಕ್ಷೆ ಕಡಿಮೆಯಾಗುತ್ತದೆಂದು ಹೇಳಿ ಜರ್ಮನಿಯಲ್ಲಿ ಪಾಪಪರಿಹಾರದ ಪತ್ರಗಳನ್ನು ಮಾರಿದರು. ದೇವರ ನ್ಯಾಯವೆಂದರೆ ಬೆವರುತ್ತಿದ್ದ ಸನ್ಯಾಸಿ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟ. ಪೌಲನು ರೋಮಾಪುರದವರಿಗೆ ಬರೆದ ಪತ್ರ ಓದುತ್ತಾ ಅವನಿಗೆ ಹೊಳೆದದ್ದು ಇದು: ದೇವರ ನ್ಯಾಯ ಪಾಪಿಯನ್ನು ಬಡಿಯಲು ಇರುವುದಲ್ಲ, ನಂಬಿದವನಿಗೆ ಉಚಿತವಾಗಿ ಸಿಗುವಂಥದು. ಯೂರೋಪು ಎರಡಾಯಿತು. ಅದೇ ಅಕ್ಟೋಬರ್ 31ರಂದು, 1999ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೋಲಿಕರೂ ಒಂದೇ ಹೇಳಿಕೆಗೆ ಸಹಿ ಹಾಕಿದರು: ಮನುಷ್ಯನ ಉದ್ಧಾರ ಅವನ ಗಳಿಕೆಯಿಂದಲ್ಲ, ದೇವರ ಕೃಪೆಯಿಂದ. ಅಷ್ಟನ್ನು ಒಟ್ಟಿಗೆ ಹೇಳಲು 482 ವರ್ಷ ಬೇಕಾಯಿತು.

ಇಂದಿಗೂ ಕ್ಯಾಥೋಲಿಕ್ ಬೋಧನೆ ನರಕವಿದೆ ಎನ್ನುತ್ತದೆ. ಆದರೆ ಇಂಥವನು ಅಲ್ಲಿದ್ದಾನೆಂದು ಯಾರನ್ನೂ ಹೆಸರಿಸಿ ಸಾರಿಲ್ಲ. ನರಕ ಖಾಲಿಯಿರಲೆಂದು ತನಗೆ ಆಸೆ, ಇದು ಸಿದ್ಧಾಂತವಲ್ಲ, ಸ್ವಂತ ಅನಿಸಿಕೆ ಎಂದು 2024ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಟಿವಿ ಸಂದರ್ಶನದಲ್ಲಿ ಹೇಳಿದ್ದರು.

ಶಿಲುಬೆಯ ಲೆಕ್ಕ

ಈ ವಾದಗಳೆಲ್ಲ ಬಂದು ನಿಲ್ಲುವುದು ಶಿಲುಬೆಯ ಬುಡದಲ್ಲಿ. ಮನುಷ್ಯನ ಪಾಪದಿಂದ ದೇವರ ಗೌರವಕ್ಕೆ ಆದ ಧಕ್ಕೆಗೆ ಮನುಷ್ಯನೇ ಪರಿಹಾರ ಕೊಡಬೇಕು, ಕೊಡುವ ಶಕ್ತಿ ದೇವರೊಬ್ಬನಿಗೇ ಇದೆ, ಆದ್ದರಿಂದ ದೇವರೇ ಮನುಷ್ಯನಾದ ಎಂದು ಸುಮಾರು 1098ರಲ್ಲಿ ಕ್ಯಾಂಟರ್‌ಬರಿಯ ಆನ್‌ಸೆಲ್ಮ್ ವಾದಿಸಿದ. ಪರಿಹಾರದ ಮಾತು ಬಿಡಿ, ಆ ಪ್ರೀತಿಯನ್ನು ಕಂಡು ಕಲ್ಲೆದೆ ಕರಗುವುದೇ ಉದ್ಧಾರ ಎಂಬ ಕಡೆಗೆ ಪೀಟರ್ ಅಬೆಲಾರ್ಡ್ ವಾಲಿದ. ಕರುಣೆ ನ್ಯಾಯವನ್ನು ಅಳಿಸುವುದಿಲ್ಲ, ಅದನ್ನು ತುಂಬಿಕೊಡುತ್ತದೆ ಎಂದು ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹೇಳಿದ. ನೂರು ರೂಪಾಯಿ ಸಾಲಕ್ಕೆ ಇನ್ನೂರು ಕೊಟ್ಟವನು ಅನ್ಯಾಯ ಮಾಡಿದಂತಾಗದು ಎಂಬ ಧಾಟಿಯ ತರ್ಕ ಅವನದು.

ಕನ್ನಡಕ್ಕೆ ಶಿಲುಬೆಯ ಈ ದೃಶ್ಯವನ್ನು ಕಾವ್ಯವಾಗಿ ತಂದವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಮಂಜೇಶ್ವರದ ಗೋವಿಂದ ಪೈ 1930ರ ದಶಕದಲ್ಲಿ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು. ಬುದ್ಧನ ಕೊನೆಯ ದಿನಗಳ ‘ವೈಶಾಖಿ’ ಬರೆದವರೂ ಅವರೇ. ತನಗೆ ಮೊಳೆ ಜಡಿದವರಿಗೆ ಕ್ಷಮೆ ಕೋರಿದವನ ಸಾವು ಸಾರಸ್ವತ ಮನೆತನದ ಈ ಕವಿಗೆ ಪರರದೆನಿಸಲಿಲ್ಲ. ಕನ್ನಡದ ಓದುಗರಿಗೂ ಪರಕೀಯವೆನಿಸಲಿಲ್ಲ.

ಆಷ್‌ವಿಟ್ಸ್ ನೆರೆಯಲ್ಲಿ

ಬಲಗೈಯಿಂದ ಹರಸುವ, ಎದೆಯಿಂದ ಕೆಂಪು, ಬಿಳಿ ಕಿರಣಗಳು ಚಿಮ್ಮುವ ಯೇಸುವಿನ ಚಿತ್ರ ಮಂಗಳೂರು, ಬೆಂಗಳೂರಿನ ಎಷ್ಟೋ ಕ್ಯಾಥೋಲಿಕ್ ಮನೆಗಳ ಗೋಡೆಯಲ್ಲಿದೆ. ಅದರ ಮೂಲ ಪೋಲೆಂಡಿನದು. ಹೆಚ್ಚು ಓದಿಲ್ಲದ, ಕಾನ್ವೆಂಟಿನಲ್ಲಿ ಅಡುಗೆ, ಬಾಗಿಲು ಕಾಯುವ ಕೆಲಸ ಮಾಡುತ್ತಿದ್ದ ಸನ್ಯಾಸಿನಿ ಫೌಸ್ತಿನಾ ಕೊವಾಲ್ಸ್ಕಾ 1931ರಲ್ಲಿ ಪ್ವೊಟ್ಸ್ಕ್ ನಗರದಲ್ಲಿ ತಾನು ಕಂಡದ್ದಾಗಿ ಹೇಳಿದ ದರ್ಶನ ಅದು. 1934ರಲ್ಲಿ ವಿಲ್ನಿಯಸ್‌ನಲ್ಲಿ ಮೊದಲ ಚಿತ್ರ ಬರೆಸಲಾಯಿತು. ಕ್ಷಯ ತಗುಲಿದ ಫೌಸ್ತಿನಾ 1938ರಲ್ಲಿ, 33ನೆಯ ವಯಸ್ಸಿನಲ್ಲಿ ಕ್ರಾಕೋವಿನಲ್ಲಿ ತೀರಿಕೊಂಡರು. ಮರುವರ್ಷ ನಾಜಿಗಳು ಬಂದರು. ಅವರ ಸಾವಿನ ಶಿಬಿರವಾದ ಆಷ್‌ವಿಟ್ಸ್ ಇರುವುದು ಕ್ರಾಕೋವಿಗೆ ಹತ್ತಿರದಲ್ಲೇ.

ದೇವರ ಕರುಣೆಯ ಮೇಲಿನ ಭಕ್ತಿ ಆ ನೆಲದಲ್ಲಿ, ಆ ವರ್ಷಗಳಲ್ಲಿ ಹಬ್ಬಿತು. 1959ರಲ್ಲಿ ವ್ಯಾಟಿಕನ್ ಅದಕ್ಕೆ ನಿರ್ಬಂಧ ಹೇರಿತು. ಕ್ರಾಕೋವಿನ ಕಾರ್ಡಿನಲ್ ಕರೋಲ್ ವೊಯ್ತಿವಾ ಅವರ ಪ್ರಯತ್ನದಿಂದ 1978ರಲ್ಲಿ ನಿರ್ಬಂಧ ತೆರವಾಯಿತು. ಅದೇ ವರ್ಷ ಅವರು ಎರಡನೆಯ ಜಾನ್ ಪಾಲ್ ಆದರು. 2000ದ ಏಪ್ರಿಲ್ 30ರಂದು ಫೌಸ್ತಿನಾರನ್ನು ಸಂತರೆಂದು ಘೋಷಿಸಿ, ಈಸ್ಟರ್ ನಂತರದ ಭಾನುವಾರವನ್ನು ದೈವಿಕ ಕರುಣೆಯ ಹಬ್ಬವಾಗಿಸಿದರು. 2005ರಲ್ಲಿ ಅವರು ತೀರಿಕೊಂಡದ್ದು ಆ ಹಬ್ಬದ ಹಿಂದಿನ ರಾತ್ರಿ.

ಫ್ರಾನ್ಸಿಸ್ ಇದನ್ನು ಬೀದಿಗೆ ತಂದರು. 2015–16ನ್ನು ‘ಕರುಣೆಯ ಜೂಬಿಲಿ ವರ್ಷ’ ಎಂದು ಸಾರಿ, ಅದರ ಮೊದಲ ಪವಿತ್ರ ದ್ವಾರವನ್ನು ರೋಮಿಗೂ ಮೊದಲು, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಮಧ್ಯ ಆಫ್ರಿಕಾ ಗಣರಾಜ್ಯದ ಬಾಂಗಿಯಲ್ಲಿ ತೆರೆದರು. 2018ರಲ್ಲಿ ಕ್ಯಾಥೋಲಿಕ್ ಧರ್ಮೋಪದೇಶವನ್ನು ತಿದ್ದಿಸಿ, ಮರಣದಂಡನೆ ಯಾವ ಸಂದರ್ಭದಲ್ಲೂ ಒಪ್ಪತಕ್ಕದ್ದಲ್ಲ ಎಂದು ಸೇರಿಸಿದರು.

ಅಗ್ಗದ ಕರುಣೆಯ ಬೆಲೆ

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯ. ಕರುಣೆಯ ಹೆಸರಿನಲ್ಲಿ ಚರ್ಚು ಮಾಡಿದ ಅನ್ಯಾಯವೂ ದೊಡ್ಡದು. ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು, ಶಿಲುಬೆಯಿಲ್ಲದ ಶಿಷ್ಯತ್ವವನ್ನು ಜರ್ಮನ್ ಪಾದ್ರಿ ಡೀಟ್ರಿಶ್ ಬೊನ್‌ಹಫರ್ 1937ರಲ್ಲಿ ‘ಅಗ್ಗದ ಕೃಪೆ’ ಎಂದು ಕರೆದರು. ಹಿಟ್ಲರನ ಮುಂದೆ ತಲೆಬಾಗಿದ ಸಭೆಗೆ ಹೇಳಿದ ಮಾತು ಅದು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಆ ಮಾತಿನ ಕಹಿ 2002ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಬಂತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಪೊಲೀಸರಿಗೆ ಒಪ್ಪಿಸದೆ, ಊರಿಂದೂರಿಗೆ ವರ್ಗ ಮಾಡುತ್ತಾ ಬಂದದ್ದನ್ನು ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಬಯಲಿಗೆಳೆಯಿತು. ಮುಂದೆ ಐರ್ಲೆಂಡ್, ಜರ್ಮನಿ, ಚಿಲಿ, ಫ್ರಾನ್ಸ್ ಹೀಗೆ ದೇಶದಿಂದ ದೇಶಕ್ಕೆ ಅದೇ ಕಥೆ. ತಪ್ಪೊಪ್ಪಿಕೊಂಡಿದ್ದಾನೆ, ಕ್ಷಮಿಸಿಬಿಡೋಣ ಎಂದು ಮೇಲಿನವರು ದಯೆ ತೋರಿದ್ದು ಅಪರಾಧಿಗೆ. ಅದರ ಬೆಲೆ ತೆತ್ತವರು ಮಕ್ಕಳು.

ಪಾಠ ತಡವಾಗಿ ಬಂತು. 2021ರಲ್ಲಿ ಫ್ರಾನ್ಸಿಸ್ ಧರ್ಮಸಭೆಯ ದಂಡಸಂಹಿತೆಯನ್ನು ತಿದ್ದಿ ಬರೆಸಿದರು. ಆ ವರ್ಷದ ಡಿಸೆಂಬರ್ 8ರಿಂದ ಅದು ಜಾರಿಗೆ ಬಂತು. ಪ್ರೀತಿಗೂ ಶಿಕ್ಷೆಗೂ ಇರುವ ಹತ್ತಿರದ ನಂಟನ್ನು ಅರಿಯದೆ ಹೋದದ್ದರಿಂದ ಹಿಂದೆ ಬಹಳ ಹಾನಿಯಾಯಿತೆಂದು ಅದರ ಪೀಠಿಕೆಯಲ್ಲೇ ಒಪ್ಪಿಕೊಂಡರು. ಕರುಣೆಯ ಪೋಪ್ ಎಂದೇ ಹೆಸರಾದವರು ದಂಡನೆಯನ್ನು ಬಿಗಿಗೊಳಿಸಬೇಕಾಗಿ ಬಂತು. ಇದರಲ್ಲಿ ವಿರೋಧಾಭಾಸ ಹುಡುಕಬೇಕಿಲ್ಲ. ನೊಂದವರ ಮೇಲಿನ ಕರುಣೆಗೆ ತೀರ್ಪಲ್ಲದೆ ಬೇರೆ ರೂಪವಿಲ್ಲ.

ಜೈಲಿಗೆ ಬಂದ ರಾಖಿ

ಕ್ಷಮೆಯೂ ನ್ಯಾಯವೂ ಒಟ್ಟಿಗೆ ನಡೆದಾವೇ? ನಮ್ಮ ದೇಶದಲ್ಲೇ ಉದಾಹರಣೆಗಳಿವೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ವಾಹನದೊಳಗೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು. ಆದರೆ ಕ್ಷಮೆ ತನ್ನ ಪಾಲಿನದು, ಅಪರಾಧದ ವಿಚಾರಣೆ ಕಾನೂನಿನ ಪಾಲಿನದು, ಎರಡನ್ನೂ ಬೆರೆಸಬಾರದು ಎಂಬ ನಿಲುವನ್ನು ಬಿಡಲಿಲ್ಲ. ಮುಖ್ಯ ಅಪರಾಧಿಗೆ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಇನ್ನೊಂದು ಪ್ರಸಂಗ ಮಧ್ಯಪ್ರದೇಶದ ಉದಯನಗರದ್ದು. ಕೇರಳದ ಪುಲ್ಲುವಳಿಯಿಂದ ಬಂದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸನ್ಯಾಸಿನಿ ರಾಣಿ ಮರಿಯಾ ಅಲ್ಲಿನ ಆದಿವಾಸಿಗಳಿಗೆ ಬ್ಯಾಂಕ್ ಸಾಲ ಕೊಡಿಸಿ ಬಡ್ಡಿ ವ್ಯಾಪಾರಿಗಳ ಹಿಡಿತ ಸಡಿಲಿಸುತ್ತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಹಪ್ರಯಾಣಿಕನಾಗಿ ಹತ್ತಿದ್ದವನೊಬ್ಬ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರ ರಕ್ಷಾಬಂಧನದ ಹೊತ್ತಿಗೆ ರಾಣಿ ಮರಿಯಾರ ತಂಗಿ, ಅವರೂ ಅದೇ ಸಂಘದ ಸನ್ಯಾಸಿನಿ, ಜೈಲಿಗೆ ಹೋಗಿ ಆ ಕೈಗೇ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಕೊಲೆಯಾದವರ ಮನೆಯವರೇ ಮನವಿ ಮಾಡಿದರು. ಹನ್ನೊಂದು ವರ್ಷ ಶಿಕ್ಷೆ ಅನುಭವಿಸಿ 2006ರಲ್ಲಿ ಹೊರಬಂದವನು ಮರುವರ್ಷ ಕೇರಳಕ್ಕೆ ಹೋಗಿ ರಾಣಿ ಮರಿಯಾರ ತಾಯಿಯನ್ನು ಕಂಡ. ಮಗಳ ರಕ್ತ ತಾಗಿದ ಕೈಗಳಿಗೆ ತಾಯಿ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಪುನೀತರೆಂದು ಘೋಷಿಸಿದ ಸಮಾರಂಭದಲ್ಲಿ ಅವನೂ ಕುಳಿತಿದ್ದ.

ಈ ಎರಡೂ ಪ್ರಸಂಗಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಷಮಿಸಿದವರು ಕೊಲೆಯನ್ನು ಕೊಲೆಯೆಂದೇ ಕರೆದರು. ಸಾಕ್ಷ್ಯ, ವಿಚಾರಣೆ, ಶಿಕ್ಷೆ ಯಾವುದನ್ನೂ ಅಲ್ಲಗಳೆಯಲಿಲ್ಲ. ನಡೆದದ್ದನ್ನು ಮುಚ್ಚಿಟ್ಟು ಕ್ಷಮೆ ಎಂದ ಬಿಷಪ್ಪರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ. ಮತ್ತೂ ಒಂದಿದೆ: ಇಲ್ಲಿ ಕ್ಷಮಿಸಿದವರು ನೊಂದವರೇ. ಬೇರೆಯವರ ನೋವನ್ನು ತಾನು ಕ್ಷಮಿಸುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ.

ದೇವರ ಕರುಣೆ ದೊಡ್ಡದೋ, ತೀರ್ಪು ದೊಡ್ಡದೋ ಎಂಬ ಚರ್ಚೆ ಪಂಡಿತರ ನಡುವೆ ಇನ್ನೂ ನಡೆಯಲಿ. ನಂಬುವವರಿಗೆ ಉತ್ತರ ಬೇಕಾದರೆ ಅದು ಮತ್ತಾಯನ ಪಟ್ಟಿಯಲ್ಲಿದೆ. ನಂಬದವರಿಗೂ ಆ ಪಟ್ಟಿಯೊಂದಿಗೆ ತಕರಾರಿರಲಾರದು. ಹಸಿದವರು, ವಲಸೆ ಬಂದವರು, ರೋಗಿಗಳು, ಕೈದಿಗಳು ಎಲ್ಲರ ಊರಲ್ಲೂ ಇದ್ದಾರೆ. ಅವರ ಪಾಲಿನ ನ್ಯಾಯವನ್ನು ಕೊಡದೆ ದೇವರ ದಯೆಯನ್ನು ಮಾತ್ರ ಬೇಡುವವನ ಪ್ರಾರ್ಥನೆಗೆ ಕ್ರೈಸ್ತ ಗ್ರಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ.